ಮೂಲಿ ಮೂಲಿ ಮಣ್ಣ ಹಾಕು

ಪುಣೆಯ ವಾಕಡದ ಆ ಸೊಸೈಟಿಯಲ್ಲಿ ಕನ್ನಡದ ಮನೆಗಳು ಸಾಕಷ್ಟಿದ್ದವು. ಆದರೆ ಕನ್ನಡಕ್ಕಾಗಿ ಇನ್ನೊಬ್ಬರ ಬಾಗಿಲು ತಟ್ಟುವವಳು ರಂಜಿನಿ ಒಬ್ಬಳೇ. ಮೈಸೂರಿನ ಹುಡುಗಿ, ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸ. ರಜೆಯ ದಿನ ಬೆಳಿಗ್ಗೆ ಕ್ಲಬ್‌ಹೌಸಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸುತ್ತಿದ್ದಳು. ಅಕ್ಷರ ಅವಳ ಪಾಲು, ಹಾಡು ಮಾತ್ರ ಗೋದಾಬಾಯಿಯವರ ಪಾಲು. ಗೋದಾಬಾಯಿ ಯೆರವಡಾದ ಶಾಲೆಯೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತರಾಗಿ, ಈಗ ಮಗಳ ಮನೆಯಲ್ಲಿದ್ದರು. ರಂಜಿನಿ ಬರುವಾಗಲೆಲ್ಲ ಲಿಫ್ಟಿನ ಬಳಿ ಬಿದ್ದಿರುವ ಅವರ ಮನೆಯ ಪೇಪರನ್ನು ಎತ್ತಿ ತಂದು, ಅದರ ಮಾತೇ ಆಡದೆ ಟೀಪಾಯಿಯ ಮೇಲೆ ಇಡುತ್ತಿದ್ದಳು. ಬಗ್ಗಿದರೆ ಆಂಟಿಗೆ ಸೊಂಟ ಹಿಡಿಯುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೇ ಕಂಡುಕೊಂಡಿದ್ದಳು.

ಆ ದಿನವೂ ಪೇಪರು ಇಟ್ಟು, ಚೀಲದಿಂದ ಟ್ಯಾಬ್ ತೆಗೆದಳು.

"ಆಂಟಿ, ಒಂದು ಸಖತ್ ಐಟಮ್ ಸಿಕ್ಕಿದೆ. ಹಳೇ ಕಾರ್ಟೂನು. ಇಲ್ಲೇ ಪುಣೆಯಲ್ಲೇ ಮಾಡಿದ್ದಂತೆ, ನಲವತ್ತು ವರ್ಷದ ಹಿಂದೆ. ಮಕ್ಕಳ ಹಾಡಿನ ಹಿಂದಿರೋ ಚರಿತ್ರೆ ಅಂತ. ಈಗ ಕ್ಲೀನ್ ಮಾಡಿ ಯಾರೋ ಹಾಕಿದಾರೆ, ಎಲ್ಲರೂ ಶೇರ್ ಮಾಡ್ತಿದಾರೆ. ಅದ್ರಲ್ಲಿ ಒಂದು ನಿಮ್ಮ ಕಡೆ ಕನ್ನಡ ಹಾಡೂ ಇದೆ. ಆದ್ರೆ ಸ್ವಲ್ಪ ಡಾರ್ಕು. ಮಕ್ಕಳಿಗೆ ತೋರಿಸಬಹುದಾ ಅಂತ ನೀವೇ ನೋಡಿ ಹೇಳಿ."

"ನಮ್ಮ ಕಡೆದೇನ? ತಾ ಇಲ್ಲೆ. ಕನ್ನಡಕ ಎಲ್ಲದ ನೋಡು."

"ನಿಮ್ಮ ತಲೆ ಮೇಲೇ ಇದೆ."

ಕಿರುಚಿತ್ರ ಶುರುವಾಯಿತು. ಕೈಯಲ್ಲಿ ಬರೆದ ಚಿತ್ರಗಳು, ನೀರಿನ ಬಣ್ಣ, ಮರಾಠಿಯಲ್ಲಿ ಒಬ್ಬ ಗಂಡಸಿನ ಗಡಸು ವಿವರಣೆ. ಮಕ್ಕಳ ಹಾಡುಗಳು ಆಟಕ್ಕೆ ಹುಟ್ಟಿದ್ದಲ್ಲ, ದೊಡ್ಡವರು ಬಾಯಿಬಿಟ್ಟು ಹೇಳಲಾಗದ್ದನ್ನೆಲ್ಲ ಮಕ್ಕಳ ಬಾಯಲ್ಲಿ ಬಚ್ಚಿಟ್ಟಿದ್ದಾರೆ ಎನ್ನುವುದು ಅದರ ಮಾತು. ಚಂದ್ರನನ್ನು ಕರೆಯುವ ಹಾಡು ಬರಗಾಲದ್ದಂತೆ. ಇಲಿಯ ಹಾಡು ಪ್ಲೇಗಿನದಂತೆ. ಇಲಿಗೊಂದು ಪೇಟ ಸುತ್ತಿ, ಕೈಗೆ ಕೋಲು ಕೊಟ್ಟು ಬರೆದಿದ್ದರು. ಗೋದಾಬಾಯಿಗೆ ನಗು ಬಂತು.

"ಚಿತ್ರ ಭಾಳ ಚಂದ ತಗದಾನ ನೋಡು, ಯಾರದಾನೋ ಏನೋ."

ಆಮೇಲೆ ಪರದೆ ಕಪ್ಪಾಯಿತು. ಆ ಕಪ್ಪಿನೊಳಗಿಂದ ಒಬ್ಬ ಹೆಂಗಸು ಹಾಡತೊಡಗಿದಳು.

ಮೂಲಿ ಮೂಲಿ ಮಣ್ಣ ಹಾಕು,
ಮ್ಯಾಲ ನೀರು ಚೆಲ್ಲು,
ಕಾಲಿಲೆ ತುಳಿ, ಕೈಲೆ ತಟ್ಟು,
ಕಣ್ಣ ಮುಚ್ಚಿ ನಿಲ್ಲು.

ಗೋದಾಬಾಯಿ ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವ್ವನ ದನಿ. 'ತುಳಿ' ಎನ್ನುವಲ್ಲಿ ಉಸಿರು ಸಾಲದೆ ಒಂದಿಷ್ಟು ಎಳೆದು ಬಿಡುತ್ತಿದ್ದದ್ದು ಅವ್ವ ಒಬ್ಬಳೇ. ಆ ಕಾಲಕ್ಕೆ ಅವರ ಮನೆಯಲ್ಲಿ ದನಿ ಹಿಡಿದಿಡುವ ಯಂತ್ರ ಇರಲಿಲ್ಲ. ಅವ್ವ ಸತ್ತ ಮೇಲೆ ಒಂದು ಫೋಟೊ ಉಳಿದಿತ್ತು, ದನಿ ಎಲ್ಲಿಯೂ ಉಳಿದಿರಲಿಲ್ಲ. ಈಗ ಇಷ್ಟು ವರ್ಷದ ಮೇಲೆ, ಮಧ್ಯಾಹ್ನದ ಬೆಳಕಿನಲ್ಲಿ, ಸೋಫಾದ ಮೇಲೆ, ಅವ್ವ ಹಾಡುತ್ತಿದ್ದಳು. ಗೋದಾಬಾಯಿಯವರ ಕಣ್ಣು ತುಂಬಿತು. ತುಂಬಿದ ಕಣ್ಣಿಗೆ ಚಿತ್ರ ಕಾಣುವುದು ತುಸು ತಡವಾಯಿತು.

ಕಂಡದ್ದು ಇದು. ಮಣ್ಣಿನ ನೆಲದ ಒಂದು ಮನೆ. ಅದರ ಮೂಲೆಯಲ್ಲೊಂದು ಗುಂಡಿ, ಗುಂಡಿಯಲ್ಲೊಂದು ಹೆಣ್ಣುಕೂಸು. ಮೇಲೆ ಮಣ್ಣು ಬೀಳುತ್ತದೆ. ನೀರು ಬೀಳುತ್ತದೆ. ಅಪ್ಪ ಕಾಲಿನಿಂದ ತುಳಿಯುತ್ತಾನೆ. ತಾಯಿ ಕೈಯಿಂದ ತಟ್ಟಿ ನೆಲ ಸಮ ಮಾಡಿ, ಕಣ್ಣು ಮುಚ್ಚಿ ನಿಲ್ಲುತ್ತಾಳೆ. ಆ ತಾಯಿಗೆ ಇಳಕಲ್ ಸೀರೆ, ಹರಳಿನ ಮೂಗುಬಟ್ಟು, ಎಡಗಣ್ಣಿನ ಕೆಳಗೊಂದು ಮಚ್ಚೆ. ಬರೆದವನ ಕೈ ಒಳ್ಳೆಯದೇ. ಅದು ಅವ್ವನ ಮುಖವೇ.

ಮರಾಠಿಯ ಗಡಸು ದನಿ ಹೇಳಿತು: ಕೃಷ್ಣೆಯ ಆಚೆಯ ಕನ್ನಡ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಹೀಗೆ ಹೂಳುತ್ತಿದ್ದರು, ಹೂತ ತಾಯಂದಿರೇ ಉಳಿದ ಮಕ್ಕಳಿಗೆ ಇದನ್ನು ಆಟವೆಂದು ಕಲಿಸಿದರು.

ಊಟದ ತುತ್ತಿನಲ್ಲಿ ಕೂದಲು ಸಿಕ್ಕವರ ಹಾಗೆ ಗೋದಾಬಾಯಿ ಮುಖ ಹಿಂಡಿದರು. ಟ್ಯಾಬನ್ನು ಬೋರಲು ಹಾಕಿದರು. ಹಾಡು ಕೆಳಗಿನಿಂದ ಇನ್ನೂ ಗುನುಗುಡುತ್ತಿತ್ತು.

"ಆಂಟಿ? ಏನಾಯ್ತು ಆಂಟಿ? ನೀರು ತರ್ಲಾ?"

"ಥೂ," ಎಂದರು ಗೋದಾಬಾಯಿ. ಹಾಗೆ ಅನ್ನುವವರೇ ಅಲ್ಲ ಅವರು. "ರಂಜಿನಿ, ನೀನೂ ಕೇಳಿದಿ ಈ ಹಾಡು. ನಿನಗೇನು ತಿಳೀತು?"

"ಅದೇ... ಮುಲೀ ಮುಲೀ ಮಣ್ಣ ಹಾಕು. ಹುಡುಗೀರ ಮೇಲೆ ಮಣ್ಣು ಹಾಕು ಅಂತ."

"ಮುಲೀ ಅಂದ್ರ ಹುಡುಗ್ಯಾರು ಅನ್ನೋದು ಮರಾಠಿ, ತಾಯಿ. ಇದು ಮೂಲಿ. ನೀವು ಮೂಲೆ ಅಂತೀರಲ್ಲ, ಅದು."

ರಂಜಿನಿ ಹಣೆ ಚಚ್ಚಿಕೊಂಡಳು.

"ಅಯ್ಯಯ್ಯೋ! ಕಾರ್ನರ್ರಾ?"

"ಹೂಂ. ಇಲಿ ತೋಡಿದ ಮೂಲಿ. ಮಣ್ಣಿನ ನೆಲ ಇತ್ತು ನಮ್ಮ ಯೆರವಡಾದ ಮನಿಗೆ. ಹಬ್ಬ ಬಂತಂದ್ರ ಕೆಂಪು ಮಣ್ಣು ತಂದು ಮೂಲಿ ಮೂಲಿಗೆ ಹಾಕಿ, ನೀರು ಹೊಡದು, ಹುಡುಗರನ್ನ ಬಿಟ್ಟು ತುಳಸೋದು. ಕುಣದು ಕುಣದು ತುಳೀತಿದ್ವಿ. ಕಡೀಕೆ ಕಣ್ಣು ಮುಚ್ಚಿ ನಿಂತ್ರ ಅವ್ವ ಬಾಯಾಗ ಬೆಲ್ಲ ಹಾಕ್ತಿದ್ಲು. ಅಷ್ಟ ಹಾಡು."

"ನನಗ್ಯಾಕೆ ಹೊಳೀಲಿಲ್ಲ ಆಂಟಿ? ಐದು ವರ್ಷ ಆಯ್ತಲ್ಲ ಇಲ್ಲಿಗೆ ಬಂದು, ಕಿವಿನೇ ಮರಾಠಿ ಆಗಿಬಿಟ್ಟಿದೆ." ಆಮೇಲೆ ಮೆಲ್ಲಗೆ ಕೇಳಿದಳು, "ಹಾಡಿದ್ದು ನಿಮ್ಮ ತಾಯೀನಾ?"

ಗೋದಾಬಾಯಿ ಹೌದೆಂದು ತಲೆಯಾಡಿಸಿದರು. ಅವರಿಗೆ ಒಂದೊಂದಾಗಿ ನೆನಪಾಗುತ್ತಿತ್ತು. ಆಗ ತಮಗೆ ಮದುವೆಯಾಗಿತ್ತು. ತವರಿಗೆ ಹೋದಾಗ ಅವ್ವ ಹೇಳಿದ್ದಳು: ಟೇಪು ಹೊತ್ತುಕೊಂಡು ಒಬ್ಬ ಹುಡುಗ ಬಂದಿದ್ದ, ಹಾಡು ಬೇಕಂದ, ಭಾಳ ಒಳ್ಳೆಯವನು, ಚಾ ಕುಡಿದು ತನ್ನ ಕಪ್ಪು ತಾನೇ ತೊಳೆದಿಟ್ಟು ಹೋದ. ಗಂಡುಹುಡುಗ ಕಪ್ಪು ತೊಳೆದದ್ದು ಅವ್ವನಿಗೆ ದೊಡ್ಡ ಬೆರಗು. ಸಾಯುವವರೆಗೂ ಆ ಮಾತು ಆಡುತ್ತಿದ್ದಳು. ಆ ಹುಡುಗ ಹೋಗಿ ಇದನ್ನು ಮಾಡಿದ್ದ.

*

ರಂಜಿನಿ ಚಿತ್ರದ ಕೆಳಗೆ ಮರಾಠಿಯಲ್ಲಿ ನಾಲ್ಕು ಸಾಲು ಬರೆದು ತನ್ನ ನಂಬರು ಹಾಕಿದಳು: ಹಾಡಿದವರ ಮಗಳು ಇಲ್ಲಿದ್ದಾರೆ, ಅರ್ಥ ತಪ್ಪಾಗಿದೆ. ಸಂಜೆಯೊಳಗೆ ಫೋನು ಬಂತು. ಮಾಡಿದವರೇ ಮಾತಾಡಿದರು. ಹೆಸರು ಶ್ಯಾಮರಾವ್. ಬನ್ನಿ, ದಯವಿಟ್ಟು ಮನೆಗೆ ಬನ್ನಿ ಎಂದರು.

ಎರಂಡವಣೆಯ ಹಳೆಯ ಬಿಲ್ಡಿಂಗಿನ ನೆಲಮಹಡಿಯಲ್ಲಿ ಅವರ ಮನೆ. ಗೋದಾಬಾಯಿ ಒಬ್ಬರೇ ಹೋದರು. ಶ್ಯಾಮರಾಯರಿಗೂ ಇವರಷ್ಟೇ ವಯಸ್ಸು, ಮೊಣಕಾಲು ನೋವಿನಿಂದ ಕುಂಟುತ್ತ ಬಂದು ಬಾಗಿಲು ತೆಗೆದರು. ಕಿಟಕಿಯ ಬಿಸಿಲು ಗೋದಾಬಾಯಿಯವರ ಕಣ್ಣಿಗೆ ಹೊಡೆಯುವುದನ್ನು ನೋಡಿ, ಮತ್ತೆ ಕುಂಟುತ್ತ ಹೋಗಿ ಪರದೆ ಎಳೆದರು. ಬೆನ್ನಿಗೊಂದು ದಿಂಬು ಕೊಟ್ಟರು. ಇವನ ಒಳ್ಳೆಯತನ ಕಣ್ಣಿಗೆ ಬೀಳದಿದ್ದರೆ ಚೆನ್ನಾಗಿತ್ತು ಎಂದುಕೊಂಡರು ಗೋದಾಬಾಯಿ.

"ನಮ್ಮ ಆಜಿ ಧಾರವಾಡದಾಕಿ. ಕನ್ನಡ ನನಗ ಚಲೋ ಬರ್ತದ. ಚಹಾ ಘ್ಯಾ, ಚಹಾ ತಗೋರಿ," ಎಂದರು ಶ್ಯಾಮರಾಯರು.

"ಕನ್ನಡ ಬರ್ತದಂದ್ರ ಕೇಳ್ತೀನಿ. ಮೂಲಿ ಅಂದ್ರ ಏನ್ರಿ?"

"ಮುಲೀ. ಹುಡುಗ್ಯಾರು."

"ಅದು ಮರಾಠಿ ಆತು."

"ಹಾಡ ಮಿಕ್ಸ್ ಇತ್ತಲ್ರಿ ಬಾಯಿ. ಯೆರವಡಾದಾಗ ಎಲ್ಲಾ ಮಿಕ್ಸ್. ಮಣ್ಣು ಕನ್ನಡ, ಮುಲೀ ಮರಾಠಿ. ಮಣ್ಣು ಅಂದ್ರ ಮಾತೀ ಅಂತ ನನಗ ಮೊದ್ಲ ಗೊತ್ತಿತ್ತು. ಬಾಕಿಯವ್ರಿಗೆ ಗೊತ್ತಿರಲಿಲ್ಲ," ಎಂದರು, ಈಗಲೂ ಸ್ವಲ್ಪ ಹೆಮ್ಮೆಯಿಂದ.

ಗೋದಾಬಾಯಿ ಬೆರಳು ಎತ್ತಿ ತೋರಿಸಿದರು. ಕೋಣೆಯ ಮೂಲೆಯಲ್ಲಿ ಹಳೆಯ ಕೊಡೆಯೊಂದು ಒರಗಿತ್ತು.

"ಅದು ಮೂಲಿ."

ಶ್ಯಾಮರಾಯರು ಕೊಡೆಯನ್ನು ನೋಡಿದರು. ಕೊಡೆಯ ಹಿಂದೆ ಎರಡು ಗೋಡೆ ಕೂಡುವ ಜಾಗವನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಕೋಪರಾ?"

"ಹೌದ್ರಿ. ಕೋಪರಾ."

ಅವರಿಗೆ ನಗು ಬಂದುಬಿಟ್ಟಿತು. ಹೊಟ್ಟೆ ಹಿಡಿದುಕೊಂಡು ನಕ್ಕರು, ಕೆಮ್ಮಿದರು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಅರೆರೆರೆ! ನಲವತ್ತು ವರ್ಷ. ಒಬ್ರೂ ಹೇಳಲಿಲ್ಲ ನನಗ!"

"ನೀವು ಒಬ್ರನ್ನೂ ಕೇಳಲಿಲ್ಲ," ಎಂದರು ಗೋದಾಬಾಯಿ. "ನಗಾಕ ಏನದ ಇದರಾಗ? ನಮ್ಮವ್ವನ ಮುಖಾ ಬರದೀರಿ ಅದರಾಗ. ಮಚ್ಚೆ ಸುದ್ದಾ ಬಿಟ್ಟಿಲ್ಲ."

ನಗು ನಿಂತಿತು. ಶ್ಯಾಮರಾಯರು ಎದ್ದು ಕಪಾಟಿನಿಂದ ಒಂದು ಕ್ಯಾಸೆಟ್ಟು, ಒಂದು ಹಳೆಯ ಪ್ಲೇಯರು ತಂದರು. "ಸುಮ್ಮನ ಬರದದ್ದಲ್ಲ ಬಾಯಿ. ಅವರೇ ಹೇಳಿದ್ರು. ಕೇಳ್ರಿ."

ಗುಂಡಿ ಒತ್ತಿದರು. ಮೊದಲು ಸುರ್ ಎಂಬ ಸದ್ದು, ಎಲ್ಲೋ ಒಂದು ಕೋಳಿ, ಆಮೇಲೆ ಅವ್ವ. ಹಾಡಲ್ಲ, ಮಾತು. "ಇಬ್ಬರು ಹೆಣ್ಣಮಕ್ಕಳಪ್ಪಾ ನಮಗ. ದೊಡ್ಡಾಕಿ ಸಾಲಿ ಕಲಸ್ತಾಳ. ಸಣ್ಣದು ಮಣ್ಣಾಗ ಹೋತು. ನೀ ಚಾ ಕುಡೀ, ಆರ್ತದ." ಟಕ್ ಎಂದು ನಿಲ್ಲಿಸಿದರು.

"ಮಣ್ಣಾಗ ಹೋತು ಅಂದ್ರಲ್ಲ."

'ದೊಡ್ಡಾಕಿ' ಎನ್ನುವಾಗ ಅವ್ವನ ದನಿಯಲ್ಲಿದ್ದ ಹೆಮ್ಮೆ ಗೋದಾಬಾಯಿಯವರ ಕಿವಿಯಲ್ಲೇ ಕೂತಿತ್ತು.

"ನನ್ನ ತಂಗಿ ಅದು. ಜ್ವರ ನೆತ್ತಿಗೇರಿ ಹೋತು. ಅದನ್ನ ಎದಿಗೆ ಅವಚಿಕೊಂಡು ನಮ್ಮವ್ವ ಬರಿಗಾಲಿಲೆ ದವಾಖಾನಿಗೆ ಓಡಿದಾಕಿ. ನಾ ಹಿಂದ ಓಡಿದಾಕಿ. ಕೂಸು ಸತ್ರ ಮಣ್ಣಾಗ ಇಡ್ತಾರ್ರಿ ನಮ್ಮಲ್ಲಿ, ಸುಡೂದಿಲ್ಲ. ನಿಮ್ಮಲ್ಲಿ ಏನು ಮಾಡ್ತಾರ?"

ಶ್ಯಾಮರಾಯರು ತಲೆ ತಗ್ಗಿಸಿದರು. ಕೊನೆಗೆ ಹೇಳಿದರು, "ನೀವೇ ಬಂದು ಹೇಳ್ರಿ. ಭಾನುವಾರ ಬೆಳಿಗ್ಗೆ ನನ್ನ ಚಿತ್ರದ ಪ್ರದರ್ಶನ ಅದ, ನನಗೊಂದು ಸತ್ಕಾರ ಇಟ್ಕೊಂಡಾರ. ಸ್ಟೇಜ್ ಮ್ಯಾಲ ಬಂದು ಎಲ್ಲರ ಮುಂದ ಹೇಳ್ರಿ. ನಾನೂ ಒಪ್ಪಿಕೊಳ್ತೀನಿ. ವಚನ."

ಗೋದಾಬಾಯಿ ದಿಂಬಿಗೆ ಬೆನ್ನು ಆನಿಸಿದರು. ತಪ್ಪು ಯಾರಿಂದಲೂ ಆಗುತ್ತದೆ, ಒಪ್ಪಿಕೊಂಡನಲ್ಲ. ಒಳ್ಳೆಯವನು ಎಂದು ಅವ್ವ ಹೇಳಿದ್ದು ಸುಳ್ಳಲ್ಲವೇನೋ. ಅವರ ಕಣ್ಣು ಕ್ಯಾಸೆಟ್ಟಿನ ಮೇಲಿತ್ತು.

"ಇದು... ಇದನ್ನ ನನಗ ಕೊಡಾಕ ಆಗ್ತದೇನ್ರಿ?"

"ಕೊಡೂದ ಕೊಡೂದ! ಅವತ್ತ ಸ್ಟೇಜ್ ಮ್ಯಾಲ ಕೊಡ್ತೀನಿ, ನಿಮ್ಮ ಕೈಯಾಗ ಇಟ್ಟು. ಛಾನ್ ದಿಸೇಲ್. ಭಾಳ ಚಂದ ಕಾಣ್ತದ."

ಚಂದ ಕಾಣುತ್ತದೆ ಎಂಬ ಮಾತು ಚಹಾದ ಜೊತೆ ಒಳಗೆ ಇಳಿಯಲಿಲ್ಲ. ಅರ್ಧ ಕಪ್ಪು ಹಾಗೇ ಬಿಟ್ಟು ಎದ್ದರು.

*

ಮರುದಿನ ರಂಜಿನಿಯ ಫೋನಿಗೆ ಕಾರ್ಯಕ್ರಮದ ಆಮಂತ್ರಣ ಬಂತು. ಅವಳು ತೋರಿಸಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಳು. ತೋರಿಸಿದಳು. ಅವ್ವನ ಬರೆದ ಮುಖದ ಕೆಳಗೆ ಮರಾಠಿಯಲ್ಲಿ ದಪ್ಪಕ್ಷರ: 'ವಿಶೇಷ ಉಪಸ್ಥಿತಿ: ತುಂಗಾಬಾಯಿಯ ಉಳಿದ ಮಗಳು.' ತುಂಗಾಬಾಯಿ ಅವ್ವನ ಹೆಸರು.

"ಉಳಿದ ಮಗಳು!" ಎಂದರು ಗೋದಾಬಾಯಿ. "ಪಾತ್ರೆ ತಳದಾಗ ಉಳಿದ ಅನ್ನದಂಗ."

"ಹೋಗೋದು ಬೇಡ ಬಿಡಿ ಆಂಟಿ. ಗಲೀಜು ಜನ."

"ಹೋಗದಿದ್ರ ಅದು ಹಂಗ ಉಳೀತದಲ್ಲ? ನಮ್ಮವ್ವ ಕೂಸಿನ ಮ್ಯಾಲ ಮಣ್ಣು ತಟ್ಟಿಕೋತನ ನಿಂತಿರ್ತಾಳ. ನಾ ಹೋಗ್ತೀನಿ."

ಅಷ್ಟರಲ್ಲಿ ಸೊಸೈಟಿಯವರೂ ಆಮಂತ್ರಣ ನೋಡಿಬಿಟ್ಟಿದ್ದರು. ಲಿಫ್ಟಿನಲ್ಲಿ ಕೆಳಗಿನ ಮನೆಯ ಹೆಂಗಸು ಗೋದಾಬಾಯಿಯ ಕೈ ಹಿಡಿದು, ಎರಡು ಸಲ ಒತ್ತಿ ಇಳಿದುಹೋದಳು. ಕರುಣೆಯಿಂದಲೇ ಒತ್ತಿದ್ದು. ಒದ್ದೆಯಾದ ಏನನ್ನೋ ಮುಟ್ಟಿದಂತಾಗಿ ಗೋದಾಬಾಯಿ ಮನೆ ಸೇರುವವರೆಗೂ ಆ ಕೈಯನ್ನು ಸೀರೆಗೆ ತಾಗಿಸಲಿಲ್ಲ.

*

ಸಣ್ಣ ಸಭಾಂಗಣ, ತಂಪು ಗಾಳಿ, ತುಂಬಿದ ಕುರ್ಚಿ. ಬಂದವರೆಲ್ಲ ಓದಿದವರು, ಮೆಲ್ಲಗೆ ಮಾತಾಡುವವರು. ಪಕ್ಕದ ಕುರ್ಚಿಯ ಯುವತಿ ಗೋದಾಬಾಯಿ ಕೆಮ್ಮಿದ್ದನ್ನು ಕೇಳಿ, ಕತ್ತಲಲ್ಲೇ ತಡಕಿ ಒಂದು ಪೆಪ್ಪರಮಿಂಟು ಕೊಟ್ಟಳು. ಪರದೆಯ ಮೇಲೆ ಅವ್ವನ ಮುಖ ಸೂರಿನೆತ್ತರಕ್ಕೆ ಎದ್ದಿತು. ಕೂಸು, ಮಣ್ಣು, ನೀರು. ಸುತ್ತ ಎಲ್ಲರೂ ಚ್ ಚ್ ಎಂದರು. ಯಾರೋ ಮೂಗು ಒರೆಸಿಕೊಂಡರು. ಬಾಯಲ್ಲಿದ್ದ ಪೆಪ್ಪರಮಿಂಟನ್ನು ಗೋದಾಬಾಯಿ ಕರವಸ್ತ್ರಕ್ಕೆ ಉಗುಳಿದರು.

ದೀಪ ಬಂತು. ಅವರನ್ನು ಕರೆದರು. ರಂಜಿನಿ ಮೆಟ್ಟಿಲಿನವರೆಗೂ ಕೈ ಹಿಡಿದು ಬಂದಳು.

ಗೋದಾಬಾಯಿ ಮರಾಠಿಯಲ್ಲೇ ಮಾತಾಡಿದರು. ತರಗತಿಯಲ್ಲಿ ನಕಾಶೆ ತೋರಿಸಿ ಹೇಳಿದಂತೆ, ಒಂದಾದ ಮೇಲೆ ಒಂದು ಹೇಳಿದರು. ಇದು ಕನ್ನಡದ ಹಾಡು, ಮರಾಠಿ ಒಂದಕ್ಷರವೂ ಇಲ್ಲ. ಮೂಲಿ ಎಂದರೆ ಕೋಪರಾ. ಇದು ನೆಲ ಮಾಡುವ ಹಾಡು. ಮಣ್ಣು ಹಾಕುವುದು ಇಲಿ ತೋಡಿದ ಮೂಲೆಗೆ. ಕಣ್ಣು ಮುಚ್ಚುವುದು ಬೆಲ್ಲಕ್ಕೆ. ನನ್ನ ತಂಗಿ ಜ್ವರದಿಂದ ತೀರಿಕೊಂಡಳು, ನನ್ನ ತಾಯಿ ಅವಳನ್ನು ಎತ್ತಿಕೊಂಡು ಓಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನನ್ನ ತಾಯಿ ಯಾವ ಕೂಸನ್ನೂ ಕೊಂದವಳಲ್ಲ. ಈ ಚಿತ್ರ ತಪ್ಪು. ಇಷ್ಟೇ ಹೇಳಿದರು.

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ತಟ್ಟಿದರು. ಆಮೇಲೆ ಇಡೀ ಸಭೆ ಎದ್ದು ನಿಂತು ತಟ್ಟಿತು. ಗೋದಾಬಾಯಿಗೆ ಕಣ್ಣು ಹನಿಯಿತು, ಕೇಳಿದರಲ್ಲ, ನಂಬಿದರಲ್ಲ.

ನಿರೂಪಣೆ ಮಾಡುತ್ತಿದ್ದ ಹುಡುಗಿ ಮೈಕು ಹಿಡಿದಳು. ಅವಳ ಗಲ್ಲವೂ ಒದ್ದೆಯಾಗಿತ್ತು.

"ಒಬ್ಬ ಮಗಳು ಬದುಕಬೇಕಾದರೆ ಎಂಥೆಂಥ ಕಥೆ ಕಟ್ಟಿಕೊಳ್ಳಬೇಕಾಗುತ್ತದೆ ಎಂದು ನಾವೀಗ ನೋಡಿದೆವು," ಎಂದಳು ಮರಾಠಿಯಲ್ಲಿ. "ಬೆಲ್ಲ! ಎಂಥ ಮಾತು! ತಾಯಿಯನ್ನು ಕ್ಷಮಿಸುವುದಕ್ಕೆ ಇದಕ್ಕಿಂತ ಸುಂದರವಾದ ದಾರಿ ಇದೆಯೇ?"

ಚಪ್ಪಾಳೆ ಇನ್ನೂ ಜೋರಾಯಿತು. ನಡುವೆ ರಂಜಿನಿ ತನ್ನ ಮೈಸೂರು ಮರಾಠಿಯಲ್ಲಿ, "ಕಥೆಯಲ್ಲ, ಅವರು ನಿಜ ಹೇಳ್ತಿದಾರೆ!" ಎಂದು ಕೂಗಿದ್ದು ಅದರಲ್ಲೇ ಮುಳುಗಿತು.

ಗೋದಾಬಾಯಿ ಶ್ಯಾಮರಾಯರ ಕಡೆ ತಿರುಗಿದರು. ಅವರು ವಚನ ಕೊಟ್ಟಿದ್ದರು. ಈ ಸಭೆಯಲ್ಲಿ ಅವರು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವರ ಮಾತನ್ನು ಯಾರೂ ದುಃಖಕ್ಕೆ ಕಟ್ಟಿಕೊಂಡ ಕಥೆ ಎನ್ನುತ್ತಿರಲಿಲ್ಲ. ಶ್ಯಾಮರಾಯರ ಬಾಯಿ ತೆರೆಯಿತು ಕೂಡ. ಎದ್ದು ನಿಂತಿದ್ದ ಸಭೆಯನ್ನು ನೋಡಿದರು, ತಮ್ಮ ಹೆಗಲ ಮೇಲಿನ ಶಾಲನ್ನು ಸರಿ ಮಾಡಿಕೊಂಡರು. ಬಾಯಿ ಮುಚ್ಚಿತು. ಆಮೇಲೆ ಅವರೂ ಮೆಲ್ಲಗೆ, ತಲೆ ತಗ್ಗಿಸಿ, ಚಪ್ಪಾಳೆ ತಟ್ಟತೊಡಗಿದರು.

ಅದನ್ನು ನೋಡಿ ಗೋದಾಬಾಯಿಯವರಿಗೆ ನಿಜವಾಗಿಯೂ ವಾಕರಿಕೆ ಬಂತು. ಹಲ್ಲು ಕಚ್ಚಿ ನುಂಗಿದರು. ತಿಳಿಯದೆ ಬರೆದವನನ್ನು ಅವರು ಎರಡು ದಿನ ಮನಸ್ಸಿನಲ್ಲೇ ಅರ್ಧ ಕ್ಷಮಿಸಿದ್ದರು. ಈಗ ಚಪ್ಪಾಳೆ ತಟ್ಟುತ್ತ ನಿಂತವನಿಗೆ ನಿಜ ತಿಳಿದಿತ್ತು.

ಶ್ಯಾಮರಾಯರು ಕ್ಯಾಸೆಟ್ಟು ಚಾಚಿದರು. ಅದಕ್ಕೆ ಕೆಂಪು ರಿಬ್ಬನ್ನು ಕಟ್ಟಿದ್ದರು. ಕೆಳಗಿನಿಂದ ಫೋಟೊದವನು, "ಆಜೀ, ಇಕಡೆ ಬಘಾ, ಇಕಡೆ!" ಎಂದು ತನ್ನ ಕಡೆ ನೋಡಲು ಕರೆದ.

ಗೋದಾಬಾಯಿ ಕ್ಯಾಸೆಟ್ಟು ತೆಗೆದುಕೊಂಡರು. ರಿಬ್ಬನ್ನು ಬಿಚ್ಚಿ ಶ್ಯಾಮರಾಯರ ಅಂಗೈಯಲ್ಲಿ ಇಟ್ಟರು.

"ಇದು ನಮ್ಮವ್ವನದು, ಒಯ್ತೀನಿ," ಎಂದರು ಕನ್ನಡದಲ್ಲಿ, ಅವರಿಗಷ್ಟೇ ಕೇಳುವಂತೆ. "ಇದನ್ನ ನೀವಿಟ್ಟುಕೋರಿ. ಕಪ್ಪು ತೊಳದು ಹೋದಿ ಅಂತ ಆಕಿ ಸಾಯೋತನ ನಿನ್ನ ಹೊಗಳಿದ್ಲು. ಹೊಲಸು ಮನಶಾ."

ಹಾಗೆಂದು ಫೋಟೊದವನಿಗೆ ಬೆನ್ನು ಹಾಕಿ ಇಳಿದರು. ಮೆಟ್ಟಿಲ ಬುಡದಲ್ಲಿ ಪೆಪ್ಪರಮಿಂಟಿನ ಯುವತಿ ಕಾದಿದ್ದಳು. ಅವರನ್ನು ತಬ್ಬಿ, ಹೆಗಲ ಮೇಲೆ ಅತ್ತು, "ನನಗೆ ಅರ್ಥವಾಗುತ್ತದೆ ಆಜಿ, ಎಲ್ಲ ಅರ್ಥವಾಗುತ್ತದೆ," ಎಂದಳು. ಗೋದಾಬಾಯಿ ಅವಳನ್ನು ದೂಡಲಿಲ್ಲ. ಅವಳ ಅಳು ಮುಗಿಯುವವರೆಗೆ ಕಂಬದ ಹಾಗೆ ನಿಂತು, ಆಮೇಲೆ ಬಾತ್‌ರೂಮಿಗೆ ಹೋಗಿ ಮುಖ, ಕುತ್ತಿಗೆ, ಮೊಣಕೈಯವರೆಗೂ ತೊಳೆದುಕೊಂಡರು. ಹೊರಗೆ ರಂಜಿನಿ ತನ್ನ ದುಪಟ್ಟಾದ ಒಣ ತುದಿಯನ್ನು ಚಾಚಿ ನಿಂತಿದ್ದಳು. ಅದರಲ್ಲೇ ಒರೆಸಿಕೊಂಡರು.

ರಂಜಿನಿ ಕಾರು ಓಡಿಸಿದಳು. ಯೂನಿವರ್ಸಿಟಿ ಚೌಕದಲ್ಲಿ ವಾಹನಗಳು ಒತ್ತೊತ್ತಾಗಿ ನಿಂತಿದ್ದವು.

"ಆಂಟಿ, ನನ್ನ ಕೊಲೀಗ್ ಹತ್ರ ಕ್ಯಾಸೆಟ್ ಪ್ಲೇಯರ್ ಇದೆ. ಸಂಜೆನೇ ತರ್ತೀನಿ. ಅಜ್ಜಿ ಮಾತಾಡಿದ್ದೆಲ್ಲ ಕೇಳಬಹುದು."

ಗೋದಾಬಾಯಿ ಕೇಳಬೇಕೆಂದೇ ಇದ್ದರು. ಮನಸ್ಸಿನಲ್ಲಿ ಹಾಡಿನ ಮೊದಲ ಸಾಲನ್ನು ಅಂದುಕೊಂಡರು. ಮೂಲಿ ಮೂಲಿ. ಕೆಂಪು ಮಣ್ಣಿನ ಬುಟ್ಟಿ ಬರಲಿಲ್ಲ, ಒದ್ದೆ ನೆಲದ ವಾಸನೆ ಬರಲಿಲ್ಲ. ನೀರಿನ ಬಣ್ಣದ ಆ ಕೂಸು ಬಂತು. ಇನ್ನೊಮ್ಮೆ ಅಂದುಕೊಂಡರು. ಮತ್ತೆ ಅದೇ ಬಂತು.

"ಇವತ್ತ ಬ್ಯಾಡ," ಎಂದರು.

"ಯಾಕೆ ಆಂಟಿ?"

"ಇವತ್ತ ಕೇಳಿದ್ರ ನಾನೂ ಅವರ ಕಿವೀಲೇ ಕೇಳ್ತೀನಿ, ತಾಯಿ. ಅದು ಆಗಬಾರದು. ಸ್ವಲ್ಪ ದಿನಾ ಹೋಗ್ಲಿ."

ರಂಜಿನಿ ಹೂಂ ಎಂದಳು. ಮುಂದಿನ ವಾಹನ ಒಂದಿಷ್ಟು ಸರಿಯಿತು, ಅವಳೂ ಒಂದಿಷ್ಟು ಸರಿಸಿದಳು. ಗೋದಾಬಾಯಿ ಚೀಲದೊಳಗೆ ಕೈ ಇಟ್ಟುಕೊಂಡು, ಕ್ಯಾಸೆಟ್ಟಿನ ಅಂಚನ್ನು ಬೆರಳಲ್ಲಿ ಹಿಡಿದು, ಮನೆ ಬರುವವರೆಗೂ ಹಾಗೇ ಕೂತಿದ್ದರು.